ಊಟಕ್ಕೆ ಹೊರಗೆ ಹೋಗುವ ಮೀನು

ನಮ್ಮ ಓಣಿಯ ನಿಜಲಿಂಗಪ್ಪನವರ ಸಿಟ್ಟು ಬ್ಯಾಡಗಿ ತುಂಬ ಪ್ರಸಿದ್ಧ. ಅವರ ಕಣ್ಣು ಅದಕ್ಕಿಂತ ಪ್ರಸಿದ್ಧ. ಮೂವತ್ತೈದು ವರ್ಷ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಮಾಲು ನೋಡುವ ಕೆಲಸ ಮಾಡಿದವರು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ತೆಗೆದು, ಬಣ್ಣ ನೋಡಿ, ಅಂಗೈಯಲ್ಲಿ ಒಮ್ಮೆ ಕುಲುಕಿದರೆ ಮುಗಿಯಿತು; ಯಾವ ದರ್ಜೆ, ಎಷ್ಟು ಪೊಳ್ಳು, ಎಲ್ಲ ಹೇಳಿಬಿಡುತ್ತಿದ್ದರು. ಎದುರು ಮಾತಾಡಿದವರನ್ನು ಬೈದೂ ಬಿಡುತ್ತಿದ್ದರು. ನಾನು ರುದ್ರಮುನಿ, ಅವರ ಗೋಡೆಗೆ ಗೋಡೆ ಹತ್ತಿದ ಮನೆಯವನು. ಅವರ ಮನೆಯ ಸುದ್ದಿ ಕೇಳಲು ನಾನು ಕಿವಿಗೊಡಬೇಕಾಗಿಲ್ಲ, ಮುಚ್ಚಿಕೊಳ್ಳದಿದ್ದರೆ ಸಾಕು.

ಅಂಥ ಕಣ್ಣಿಗೆ ಹೋದ ವರ್ಷ ಪೊರೆ ಬಂತು. ಕೆಂಪು ಯಾವುದು, ಕಂದು ಯಾವುದು ತಿಳಿಯದಾಯಿತು. ಆಪರೇಶನ್ ಮಾಡಿಸಿಕೊಂಡು ಬನ್ನಿ, ನಿಮ್ಮ ಜಾಗಕ್ಕೆ ಬೇರೆ ಯಾರನ್ನೂ ಕೂರಿಸುವುದಿಲ್ಲ ಎಂದು ಅಂಗಡಿಯವರು ಗೌರವದಿಂದಲೇ ಹೇಳಿದರು. ಹಾವೇರಿಯ ಕಣ್ಣಿನ ಆಸ್ಪತ್ರೆಗೆ ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಎರಡು ಸಲ ಹೋದೆವು. ಎರಡು ಸಲವೂ ಬಿ.ಪಿ. ನೂರಾ ಎಪ್ಪತ್ತು ದಾಟಿದ್ದರಿಂದ ವಾಪಸು ಕಳಿಸಿದರು. ಇದು ಇಳಿಯದೆ ಕಣ್ಣು ಮುಟ್ಟುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಗುಳಿಗೆ ಬದಲಿಸಿ, ತಿಂಗಳ ನಂತರದ ತಾರೀಖು ಕೊಟ್ಟು, ಜೊತೆಗೊಂದು ಸಲಹೆಯನ್ನೂ ಕೊಟ್ಟರು: ಮನೆಯಲ್ಲಿ ಮೀನು ಸಾಕಿ, ದಿನಾ ಅರ್ಧ ತಾಸು ಸುಮ್ಮನೆ ನೋಡುತ್ತ ಕೂತುಕೊಳ್ಳಿ, ಮನಸ್ಸು ತಣ್ಣಗಾಗುತ್ತದೆ.

ಡಾಕ್ಟರು ಒಳ್ಳೆಯವರು. ಆದರೆ ಅವರಿಗೆ ನಿಜಲಿಂಗಪ್ಪನವರ ಪರಿಚಯ ಸಾಲದು.

ರಾಣೆಬೆನ್ನೂರಿನಲ್ಲಿ ಜಾಕೀರ್ ಎಂಬವನ ಮೀನಿನ ಅಂಗಡಿ ಇದೆ. ತಿನ್ನುವ ಮೀನಲ್ಲ, ನೋಡುವ ಮೀನು. ಅಲ್ಲಿಂದ ಒಂದು ಗಾಜಿನ ತೊಟ್ಟಿ, ಒಂದು ಕೆಂಪು ಫೈಟರ್ ಮೀನು, ಪಾಚಿ ತಿಂದು ತೊಟ್ಟಿ ಸ್ವಚ್ಛ ಇಡುತ್ತವೆ ಎಂದು ಆರು ಸಣ್ಣ ಸೀಗಡಿ ತಂದರು. ಹೊಟ್ಟೆ ತುಂಬ ಹಾಕಿದರೆ ಮೀನು ಸೀಗಡಿಯ ತಂಟೆಗೆ ಹೋಗುವುದಿಲ್ಲ ಎಂದು ಜಾಕೀರ್ ಒಂದು ಪಾಕೀಟು ಆಹಾರ ಕೊಟ್ಟಿದ್ದ.

ಆ ಪಾಕೀಟು ಮನೆ ಹೊಕ್ಕರೆ ತಾನೆ? ನಿಜಲಿಂಗಪ್ಪನವರ ಹೆಂಡತಿ ಪ್ರೇಮವ್ವ ಹೊಸ್ತಿಲಲ್ಲೇ ಅದನ್ನು ನನ್ನ ಕೈಗೆ ಕೊಟ್ಟು ಓದಿಸಿದರು. ಒಣಮೀನಿನ ಪುಡಿ, ಒಣಸೀಗಡಿ ಪುಡಿ ಎಂದು ಓದಿದೆ. ಓದಬಾರದಿತ್ತು.

"ಲಿಂಗ ಕಟ್ಟಿದ ಮನಿ ಇದು," ಎಂದರು ಪ್ರೇಮವ್ವ. "ಇಲ್ಲಿ ಇರೋರು ಯಾರರ ಆಗ್ಲಿ, ನಾವು ಉಣ್ಣೂದ ಉಣಬೇಕು."

ಹೀಗೆ ಫೈಟರ್ ಮೀನಿಗೆ ಲಿಂಗಾಯತರ ಊಟ ಶುರುವಾಯಿತು. ಒಂದು ದಿನ ಜೋಳದ ರೊಟ್ಟಿಯ ಚೂರು, ಒಂದು ದಿನ ಕುದಿಸಿದ ಪಾಲಕ್, ಸೋಮವಾರ ಅನ್ನದ ಅಗುಳು. ಸೀಗಡಿಗಳಿಗೆ ಹಬ್ಬವೇ ಆಯಿತು; ಪಾಲಕ್ ಎಲೆಯನ್ನು ಸುತ್ತುಗಟ್ಟಿ ಕೂತು ತಿಂದು ಮೈ ತುಂಬಿಕೊಂಡವು. ಮೀನು ಮಾತ್ರ ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಿತ್ತು. ಹತ್ತು ದಿನ ಹೀಗೆ ನಡೆಯಿತು. ಆಮೇಲೆ ಅದು ತನ್ನ ಊಟ ತಾನೇ ಹುಡುಕಲು ಹೊರಟಿತು.

ಎಲೆ ತಿನ್ನುತ್ತಿದ್ದ ಸೀಗಡಿಯ ಮೇಲೆ ಮೀನು ಎರಗುವುದು, ಅದರ ಮೀಸೆ ಕಚ್ಚಿ ಎಳೆಯುವುದು, ಸೀಗಡಿ ಪಟ್ಟನೆ ಹಿಂದಕ್ಕೆ ಹಾರಿ ಕಲ್ಲಿನ ಸಂದಿಗೆ ಸೇರುವುದು. ಮೀನು ಸೋತು ತಳದಲ್ಲಿ ಒರಗಿದಾಗ ಅದೇ ಸೀಗಡಿಗಳು ಹಿಂದಿನಿಂದ ಬಂದು ಬಾಲ ಚಿವುಟುವುದು. ಯಾರ ಪರ ನಿಲ್ಲಬೇಕು ಎಂದು ನನಗಂತೂ ತಿಳಿಯುತ್ತಿರಲಿಲ್ಲ. ನಿಜಲಿಂಗಪ್ಪನವರು ಸೀಗಡಿಗಳ ಪರ. ಮೂಗು ಗಾಜಿಗೆ ಹಚ್ಚಿ ಕೂತು, ಮಂಜು ಕಣ್ಣಿಗೆ ಕಂಡಷ್ಟಕ್ಕೇ ಮೀನನ್ನು ಬೈಯುತ್ತಿದ್ದರು. ತಣ್ಣಗಾಗಲೆಂದು ಇಟ್ಟ ಅರ್ಧ ತಾಸು ಎರಡು ತಾಸಾಯಿತು. ನನ್ನ ಮನೆಯ ಮಷಿನ್ನಿನಲ್ಲಿ ಬಿ.ಪಿ. ನೋಡಿದರೆ ನೂರಾ ಎಂಬತ್ತೆರಡು. ಮೀನು ತರುವ ಮೊದಲು ಅಷ್ಟಿರಲಿಲ್ಲ.

ಆಸ್ಪತ್ರೆಯ ತಾರೀಖಿಗೆ ಇನ್ನು ಹತ್ತು ದಿನ. ಈ ಸಲವೂ ವಾಪಸು ಕಳಿಸಿದರೆ ಹೊಸ ಮಾಲಿನ ಹಂಗಾಮು ಕಣ್ಣಿಲ್ಲದೆ ಕಳೆದುಹೋಗುತ್ತದೆ ಎಂಬ ಚಿಂತೆ ಅವರಿಗೆ ಹತ್ತಿತು. ಅಷ್ಟರಲ್ಲಿ ತೊಟ್ಟಿಯ ತಳದಲ್ಲಿ ಒಂದು ಹೆಣ ಸಿಕ್ಕಿತು. ಬಿಳಿಚಿದ ಸೀಗಡಿ, ಕಾಲು ಮೇಲೆ ಮಾಡಿ ಬಿದ್ದಿತ್ತು. ಎರಡು ದಿನಕ್ಕೆ ಇನ್ನೊಂದು. ಎಣಿಸಿದರೆ ಕಣ್ಣಿಗೆ ಬೀಳುವುದು ಮೂರೇ. ಕೈ ತಗಲಿಸಲು ಮನಸ್ಸಾಗದೆ ನಿಜಲಿಂಗಪ್ಪನವರು ಎರಡನ್ನೂ ಚಹಾ ಸೋಸುವ ಜರಡಿಯಲ್ಲಿ ಎತ್ತಿ, ಸುಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ದಾಸವಾಳದ ಕುಂಡದಲ್ಲಿ ಕುಣಿ ತೋಡಿ, ಚಿಟಿಕೆ ವಿಭೂತಿ ಹಾಕಿ ಹೂಳಿದರು. ಪ್ರೇಮವ್ವ ಆ ಜರಡಿಯನ್ನು ಎರಡು ದಿನ ಹುಡುಕಿದರು. ಅದು ಕುಂಡದ ಹಿಂದಿದೆ ಎಂದು ಗಂಡನನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ, ನಾನೂ ಹೇಳಲಿಲ್ಲ.

ಮೂರನೆಯ ಹೆಣ ಕಂಡ ಬೆಳಿಗ್ಗೆ ನಿಜಲಿಂಗಪ್ಪನವರು ಜಾಕೀರನಿಗೆ ಫೋನು ಹಚ್ಚಿ, ಕೊಲೆಗಾರ ಮೀನು ಮಾರಿದ್ದೀಯ ಎಂದು ಓಣಿಗೆಲ್ಲ ಕೇಳುವಂತೆ ಬೈದರು. ಪಾಪ, ಅವನು ಅಂಗಡಿ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಬಂದ. ತೊಟ್ಟಿಯೊಳಗೆ ಕೈ ಹಾಕಿ ಆ ಮೂರನೆಯ ಹೆಣವನ್ನು ಎತ್ತಿದ.

"ಕಾಕಾ, ಕೈ ಮುಂದ ಮಾಡ್ರಿ. ಕಣ್ಣಲೇ ನೋಡಬ್ಯಾಡ್ರಿ, ಕುಲುಕಿ ನೋಡ್ರಿ."

ಅಂಗೈಯಲ್ಲಿ ಇಟ್ಟದ್ದನ್ನು ನಿಜಲಿಂಗಪ್ಪನವರು ಮೆಣಸಿನಕಾಯಿ ಕುಲುಕುವಂತೆಯೇ ಕುಲುಕಿದರು. ಅವರ ಮುಖ ಬದಲಾಯಿತು.

"ಪೊಳ್ಳ ಐತಲ್ಲೋ ಇದು."

ಜಾಕೀರ್ ನಗುತ್ತ ವಿವರಿಸಿದ. ಸೀಗಡಿ ಬೆಳೆದಂತೆ ಹಾವಿನ ಹಾಗೆ ಮೈಮೇಲಿನ ಸಿಪ್ಪೆ ಕಳಚುತ್ತದೆ. ಹೊಸ ಸಿಪ್ಪೆ ಗಟ್ಟಿಯಾಗುವ ತನಕ ಅಡಗಿ ಕೂರುತ್ತದೆ. ಕಲ್ಲು ಸರಿಸಿದರೆ ಹಿಂದೆ ಮೂರು ಕೂತಿದ್ದವು, ಮೀಸೆ ಅಲ್ಲಾಡಿಸುತ್ತ. ಮೂವತ್ತೈದು ವರ್ಷ ಪೊಳ್ಳು ಕಾಯಿ ಆರಿಸಿದ ಮನುಷ್ಯ ಎರಡು ಪೊಳ್ಳು ಸಿಪ್ಪೆಗೆ ವಿಭೂತಿ ಹಾಕಿ ಮಣ್ಣು ಮಾಡಿದ್ದರು. ನಾನು ನಕ್ಕುಬಿಟ್ಟೆ. ಅವರು ಬೈಯಲಿಲ್ಲ, ಅದೇ ದೊಡ್ಡದು.

ಕೊಲೆ ಆಗಿಲ್ಲ ನಿಜ, ಆದರೆ ಜಗಳ ಸುಳ್ಳಲ್ಲ ಎಂದ ಜಾಕೀರ್. ಮೀನು ಹಸಿದಿದೆ, ಇನ್ನು ಸ್ವಲ್ಪ ದಿನಕ್ಕೆ ಖರೇನೇ ತಿನ್ನುತ್ತದೆ. ಪಾಕೀಟು ಹಾಕಿ, ಇಲ್ಲ ಮೀನು ವಾಪಸು ಕೊಡಿ. ನಿಜಲಿಂಗಪ್ಪನವರು ಹೆಂಡತಿಯ ಮುಖ ನೋಡಿದರು. ಪೇಟೆಯನ್ನೇ ನಡುಗಿಸಿದವರು ಪ್ರೇಮವ್ವನ ಎದುರು ಬಾಯಿ ಬಿಡಲಾರರು. ಮೀನು ಒಯ್ದುಬಿಡು ಎಂದು ಮೆಲ್ಲಗೆ ಜಾಕೀರನಿಗೆ ಹೇಳಿದರು. ಆ ದನಿ ಕೇಳಿ ನನಗೇ ಕೆಡುಕೆನಿಸಿತು. ಬೈದು ಬೈದು ಆ ಮೀನನ್ನು ಹಚ್ಚಿಕೊಂಡಿದ್ದರು.

ಪ್ರೇಮವ್ವ ಒಳಗೆ ಹೋಗಿ ಹಿತ್ತಾಳೆ ಚರಿಗೆ ತಂದರು. ತೊಟ್ಟಿಯ ನೀರು ಸಮೇತ ಮೀನನ್ನು ಅದರಲ್ಲಿ ತುಂಬಿಕೊಂಡು ಹೊರಗಿನ ಕಟ್ಟೆಯ ಮೇಲೆ ಇಟ್ಟರು. ಕಿಟಕಿಯ ಹೊರಗೆ ಸಿಗಿಸಿಟ್ಟಿದ್ದ ಪಾಕೀಟು ತೆಗೆದು, ಹಾಕು ಎಂದು ಜಾಕೀರನಿಗೆ ಕೊಟ್ಟರು. ನಾಲ್ಕು ಕಾಳು ಬೀಳುವುದೇ ತಡ, ಮೀನು ನುಂಗಿತು.

"ಹೊರಗ ಉಂಡು ಒಳಗ ಬರ್ಲಿ," ಎಂದರು ಪ್ರೇಮವ್ವ, ಚರಿಗೆಯನ್ನೇ ನೋಡುತ್ತ. "ಮೂವತ್ತು ವರ್ಷ ಪ್ಯಾಟಿ ಇದ್ದ ದಿನಾ ನೀವು ಟೇಸನ್ ಕಡೆ ಆಮ್ಲೆಟ್ ತಿಂದು ಬರ್ತಿದ್ರಿ. ನಾ ಎಂದರ ಬಾಗಲಾ ಹಾಕೇನೇನು?"

ನಿಜಲಿಂಗಪ್ಪನವರು ಚರಿಗೆಯ ಪಕ್ಕ ಕಟ್ಟೆಯ ಮೇಲೆ ಕೂತರು. ಆಮೇಲೆ ಕೇಳಿದರು:

"ನಿನಗ ಹ್ಯಾಂಗ ಗೊತ್ತಾತು?"

"ಆ ದಿನಾ ಒಂದ ರೊಟ್ಟಿ ಉಣ್ತಿದ್ರಿ. ಪಲ್ಯಾ ಭಾಳ ಚಲೋ ಆಗೇತಿ ಅಂತಿದ್ರಿ. ಉಳದ ದಿನಾ ಅಂದೀರೇನು?"

ಜಾಕೀರ್ ಆಕಾಶ ನೋಡಿದ. ನಾನು ಚರಿಗೆ ನೋಡಿದೆ.

ಅಂದಿನಿಂದ ಮೀನು ದಿನಕ್ಕೆ ಎರಡು ಸಲ ಚರಿಗೆಯಲ್ಲಿ ಕಟ್ಟೆಗೆ ಬಂದು ಊಟ ಮಾಡಿ ಒಳಗೆ ಹೋಗುತ್ತದೆ. ಹೊಟ್ಟೆ ತುಂಬಿದ ಮೇಲೆ ಅದಕ್ಕೆ ಸೀಗಡಿಗಳ ಗೊಡವೆ ಇಲ್ಲ. ಆಸ್ಪತ್ರೆಯ ತಾರೀಖಿನ ದಿನ ಹಾವೇರಿಗೆ ಹೋದಾಗ ಬಿ.ಪಿ. ನೂರಾ ಮೂವತ್ತಾರು. ಡಾಕ್ಟರು ಖುಷಿಯಾಗಿ, ಮೀನಿನಿಂದಲೇ ಇಳಿದದ್ದು ನೋಡಿ ಎಂದರು. ಮೀನಿನಿಂದಲೇ ಎಂದು ನಾವೂ ಒಪ್ಪಿಕೊಂಡೆವು. ಮೂವತ್ತು ವರ್ಷದ ಗುಟ್ಟು ಎದೆಯಿಂದ ಇಳಿದದ್ದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಮೊದಲ ಕಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದವರೇ ತೊಟ್ಟಿಯ ಮುಂದೆ ಕೂತು ಎಣಿಸಿದರು. ಆರಕ್ಕೆ ಆರೂ ಇದ್ದವು. ಮೀನಿನ ಬಣ್ಣ ಮೊದಲ ದರ್ಜೆ ಎಂದು ತೀರ್ಪು ಕೊಟ್ಟರು. ಅಂದು ಪೇಟೆ ದಿನ. ಪ್ರೇಮವ್ವ ಮೀನಿಗೆ ಕಟ್ಟೆಯಲ್ಲಿ ಉಣಿಸಿ ಬಂದು, ನನಗೂ ಅವರಿಗೂ ರೊಟ್ಟಿ ಬಡಿಸಿದರು. ನಿಜಲಿಂಗಪ್ಪನವರು ಮೂರು ರೊಟ್ಟಿ ಉಂಡರು. ನಾಲ್ಕನೆಯದಕ್ಕೆ ಕೈ ಚಾಚುತ್ತ ಹೇಳಿದರು:

"ಪಲ್ಯಾಕ ಉಪ್ಪು ಕಡಿಮಿ ಆಗೇತಿ."

ಪ್ರೇಮವ್ವನ ಮುಖ ಅರಳಿತು. ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಗಂಡನ ಮುಂದೆ ಇಟ್ಟರು.