ಕಿಯೊನೊ ಸಮುದ್ರದಲ್ಲಿ ನಾಟಿ ಹಾಕಿದ್ದು

ನಮ್ಮ ಕಡಲೂರು ಉರಾಜಿಯಲ್ಲಿ, ಚಿಪ್ಪಿನಿಂದ ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ನಗು ಕೇಳಿಸುತ್ತಿಲ್ಲ ಎಂದರೆ ಕಿಯೊನೊ ಆ ದಿನ ಕೆಲಸಕ್ಕೆ ಬಂದಿಲ್ಲ ಎಂದೇ ತಿಳಿಯಬೇಕು. ಅರವತ್ತು ದಾಟಿದ ಹೆಂಗಸು. ಚಾಕು ಹಿಡಿದು ಸಾಲಿನಲ್ಲಿ ಕೂತಳೆಂದರೆ ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಗುಡ್ಡದಾಚೆಯ ಭತ್ತದ ಊರಿನಿಂದ ಮೀನುಗಾರ ಇವಾಕಿಚಿಯ ಕೈಹಿಡಿದು ಇಲ್ಲಿಗೆ ಬಂದವಳು. ಈಜು ಬಾರದು, ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ. ಮೊಮ್ಮಕ್ಕಳನ್ನು ಕಂಡ ಮೇಲೂ ಊರವರ ಬಾಯಲ್ಲಿ ಅವಳು ಇನ್ನೂ ‘ಗದ್ದೆ ಸೊಸೆ’ಯೇ.

"ಗದ್ದೆ ಇಲ್ದಿದ್ರೆ ಈ ಸಿಂಪೀನ ಅನ್ನದ್ ಬದ್ಲು ಮಣ್ಣಿನ್ ಜೊತೆ ತಿಂತಿದ್ರೇನ್ರೇ?" ಎಂದು ಅವಳೂ ತಿರುಗಿಸಿ ಕೊಡುತ್ತಾಳೆ.

ಆದರೆ ಆ ವರ್ಷ ಅವಳ ನಗುವಿನ ಒಳಗೊಂದು ಚಿಂತೆ ಸೇರಿಕೊಂಡಿತ್ತು. ನಮ್ಮ ಕೊಲ್ಲಿಯ ತಳದಲ್ಲಿದ್ದ ಕಡಲಹುಲ್ಲು ವರ್ಷವರ್ಷಕ್ಕೂ ಕಡಿಮೆಯಾಗಿ ಕೊನೆಗೆ ಪೂರ್ತಿ ಬೋಳಾಗಿತ್ತು. ಹುಲ್ಲು ಹೋದ ಮೇಲೆ ಮೀನಿಗೆ ಮೊಟ್ಟೆಯಿಡಲು ಜಾಗವಿಲ್ಲ, ಮರಿಗೆ ಅಡಗಲು ಮರೆಯಿಲ್ಲ. ಇವಾಕಿಚಿ ಬಲೆ ಎತ್ತಿದರೆ ಯಾರಿಗೂ ಬೇಡದ ಲೋಳೆಮೀನೇ ಬರುತ್ತಿತ್ತು. ಒಳಗಡಲನ್ನು ಉಳಿಸಲು ಕೆಲಸ ಮಾಡುವ ‘ಒಳಗಡಲ ಬಳಗ’ದವರು ಬಂದು ಎರಡು ಸಲ ಹುಲ್ಲಿನ ಬೀಜ ಚೆಲ್ಲಿದರು. ಎರಡು ಸಲವೂ ಅಲೆ ಅದನ್ನು ಗುಡಿಸಿಕೊಂಡು ಹೋಯಿತು. ಇದೊಂದು ಸಲ ನೋಡುತ್ತೇವೆ, ಆಗದಿದ್ದರೆ ಮುಂದಿನ ಬೀಜ ಬೇರೆ ಕೊಲ್ಲಿಗೆ ಎಂದು ಬಳಗದವರು ಹೇಳಿಬಿಟ್ಟರು.

"ಈ ಸಲಾನೂ ಹುಲ್ಲು ನಿಲ್ಲಲಿಲ್ಲ ಅಂದ್ರೆ ದೋಣಿ ಮಾರ್ಬಿಡ್ತೀನಿ," ಎಂದ ಇವಾಕಿಚಿ ಒಂದು ದಿನ ಊಟದ ನಡುವೆ.

ಕಿಯೊನೊ ಎತ್ತಿದ ತುತ್ತನ್ನು ಬಟ್ಟಲಿಗೇ ಇಳಿಸಿದಳು. ದೋಣಿ ಇಲ್ಲದ ಇವಾಕಿಚಿಯನ್ನು ಅವಳು ಹೊಸ ವರ್ಷದ ರಜೆಗಳಲ್ಲಿ ನೋಡಿದ್ದಳು. ಮನೆಯ ಬಾಗಿಲುಗಳನ್ನೆಲ್ಲ ತೆಗೆದು ಮುಚ್ಚಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗುತ್ತಾ, ಕಿಟಕಿಯಿಂದ ನೀರು ನೋಡುತ್ತಾ ಕೂತ ಆ ಮನುಷ್ಯನನ್ನು ನೋಡಿದರೆ ಅವಳಿಗೆ ಕನಿಕರವೂ ಆಗುತ್ತಿತ್ತು, ಕೋಪವೂ ಬರುತ್ತಿತ್ತು.

ಹಾಗಾಗಿ ಈ ಸಲದ ಬೀಜಕ್ಕೆ ಅವಳು ಟೊಂಕ ಕಟ್ಟಿ ನಿಂತಳು. ಹೊರಗಿನ ದ್ವೀಪದಿಂದ ತಂದ ಹೂಬಿಟ್ಟ ಹುಲ್ಲನ್ನು ಚೀಲಕ್ಕೆ ತುಂಬಿ, ಬೀಜ ಬಲಿತು ಉದುರಲೆಂದು ಸಿಂಪಿ ಬೆಳೆಸುವ ತೆಪ್ಪಗಳಡಿ ಬೇಸಿಗೆಯಿಡೀ ಇಳಿಬಿಟ್ಟಿದ್ದರು. ಕೊಳೆತು ನಾರುವ ಆ ಚೀಲಗಳನ್ನು ಜಾಲಾಡಿ ಬೀಜ ಬೇರೆ ಮಾಡಿದ್ದು ಶೆಡ್ಡಿನ ಹೆಂಗಸರು. ಅಕ್ಕಿಗಿಂತ ಸಣ್ಣ, ಕಪ್ಪು ಕಪ್ಪು ಕಾಳು. ಬಳಗದ ಹುಡುಗಿ ಮಿಯೋಕೊ ಅದನ್ನು ಉಪ್ಪುನೀರಿನ ಡಬ್ಬಿಗಳಲ್ಲಿ ಹಾಕಿ ಶೆಡ್ಡಿನ ಫ್ರಿಜ್ಜಿನಲ್ಲಿಟ್ಟಳು. ಅವಳಿಗೆ ಪಟ್ಟಣಕ್ಕೆ ಹೋಗುವುದಿತ್ತು.

"ಕಿಯೊನೊ-ಸಾನ್, ತಣ್ಣಗಿದ್ರೆ ಸಾಕು. ಒಂಚೂರು ನೋಡ್ಕೊಳ್ಳಿ."

"ನನ್ ಮಕ್ಕಳಿಗಿಂತ ಚೆನ್ನಾಗ್ ನೋಡ್ಕೋತೀನಿ ಹೋಗ್ ಬಾರಮ್ಮ!"

ನೋಡಿಕೊಂಡಳು ನಿಜ. ಮರುದಿನ ಡಬ್ಬಿ ತೆರೆದು, ಬೀಜ ಇನ್ನೂ ಉಪ್ಪುನೀರಿನಲ್ಲೇ ಇದ್ದದ್ದನ್ನು ಕಂಡವಳಿಗೆ ಅಯ್ಯೋ ಪಾಪ ಅನ್ನಿಸಿತು. ಅವಳ ತವರಿನಲ್ಲಿ ಬಿತ್ತನೆ ಭತ್ತವನ್ನು ಮೊದಲು ಉಪ್ಪುನೀರಿಗೆ ಹಾಕುತ್ತಾರೆ, ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಜೊಳ್ಳು ತೆಗೆದಾದ ಮೇಲೆ ಬೀಜಕ್ಕೆ ಉಪ್ಪಿನ ಸೋಂಕೂ ಇರದಂತೆ ತೊಳೆದು ಸಿಹಿನೀರಿನಲ್ಲಿ ನೆನೆಹಾಕಬೇಕು. ತೊಳೆಯದೆ ಬಿಟ್ಟವರು ಅವಳಪ್ಪನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರು. ಓದಿದ ಹುಡುಗಿ, ಅವಸರದಲ್ಲಿ ತೊಳೆಯುವುದನ್ನು ಮರೆತಿದ್ದಾಳೆ ಎಂದುಕೊಂಡ ಕಿಯೊನೊ ಅಷ್ಟೂ ಬೀಜವನ್ನು ಬಾವಿನೀರಿನಲ್ಲಿ ತೊಳೆದು ನೆನೆಹಾಕಿದಳು. ದಿನವೂ ನೀರು ಬದಲಿಸಿದಳು. ಸಮುದ್ರದೂರಿನಲ್ಲಿ ಹುಟ್ಟಿದ ಯಾರಿಗೂ ಇಂಥದ್ದೊಂದು ಯೋಚನೆ ಕನಸಿನಲ್ಲೂ ಬರುತ್ತಿರಲಿಲ್ಲ.

ಮಿಯೋಕೊ ಮರಳಿ ಬಂದು ಡಬ್ಬಿ ತೆರೆದಾಗ ಕಾಳುಗಳೆಲ್ಲ ಸಿಡಿದು ಬಿಳಿ ಮೊಳಕೆ ತೋರಿಸುತ್ತಿದ್ದವು.

"ಇದಕ್ಕೆ... ಯಾವ್ ನೀರು ಹಾಕಿದ್ರಿ?"

"ಬಾವೀದು. ಸಿಹಿನೀರು. ಯಾಕಮ್ಮ?"

"ಸಿಹಿನೀರು ಬಿದ್ರೆ ಇದು ತಕ್ಷಣ ಎಚ್ಚರ ಆಗ್ಬಿಡುತ್ತೆ, ಕಿಯೊನೊ-ಸಾನ್. ಮೊಳೆತ ಮೇಲೆ ಚೆಲ್ಲೋಕಾಗಲ್ಲ. ಒಂದೂ ಉಳಿಯಲ್ಲ."

ಕಿಯೊನೊ ಡಬ್ಬಿಯನ್ನು ಎದೆಗವಚಿಕೊಂಡಳು. ಗಂಡನ ದೋಣಿಯನ್ನು ತನ್ನ ಕೈಯಾರೆ ಮುಳುಗಿಸಿದೆ ಎಂದು ಅವಳಿಗೆ ಅನ್ನಿಸಿತು. ಅವಳು ಅಳುವುದನ್ನು ಊರು ನೋಡಿದ್ದು ಅದೇ ಮೊದಲು, ನೋಡಿದವರಿಗೂ ತಡೆಯಲಾಗಲಿಲ್ಲ. ಪಕ್ಕದ ಸಾಲಿನ ಗಯ್ಯಾಳಿ ತೊಮಿಎ ಕೂಡ ಚಾಕು ಕೆಳಗಿಟ್ಟು ಅವಳ ಬೆನ್ನು ಸವರಿದಳು.

ಮಿಯೋಕೊ ಹೊರಗೆ ನಿಂತು ಬಳಗದ ಹಿರಿಯರೊಂದಿಗೆ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದಳು. ಒಳಗೆ ಬಂದಾಗ ಅವಳ ಮುಖ ಅಷ್ಟೇನೂ ಬಾಡಿರಲಿಲ್ಲ.

"ನಿಧಾನಕ್ಕೆ ಉಪ್ಪುನೀರಿಗೆ ಒಗ್ಗಿಸಿದ್ರೆ ಟ್ರೇನಲ್ಲಿ ಬೆಳೆಸ್ಬಹುದಂತೆ. ಪ್ರಯೋಗಾಲಯದಲ್ಲಿ ಸ್ವಲ್ಪ ಸ್ವಲ್ಪ ಮಾಡಿದ್ದಾರೆ. ಆದ್ರೆ ಇಷ್ಟೊಂದನ್ನ ಬೆಳೆಸಿ, ಒಂದೊಂದೇ ಕೈಯಲ್ಲಿ ನೆಡೋಕೆ ಜನ ಎಲ್ಲಿ?"

ಕಿಯೊನೊ ಕಣ್ಣೊರೆಸಿಕೊಂಡಳು. "ಸಸಿಮಡಿ ಮಾಡಿ ನಾಟಿ ಹಾಕೋದು ಅಂತೀಯಾ?"

"ಹೂಂ, ಹಾಗೇ ಅನ್ಕೊಳ್ಳಿ."

"ಅಷ್ಟೇನಾ!" ಎಂದಳು. ಶೆಡ್ಡಿಗೆ ಜೀವ ಬಂತು.

ಆ ಚಳಿಗಾಲ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಸಿಂಪಿಯ ರಾಶಿ, ಇನ್ನೊಂದು ಕಡೆ ಕೊಲ್ಲಿಯ ಕೆಸರು ತುಂಬಿದ ಟ್ರೇಗಳ ಸಾಲು, ಅವುಗಳ ಮೇಲೆ ಹರಿಯುವ ಸಮುದ್ರದ ನೀರು. ಹೆಂಗಸರು ಗೊಣಗುತ್ತಲೇ ಒಬ್ಬೊಬ್ಬರು ಒಂದೊಂದು ಟ್ರೇಯನ್ನು ತಮ್ಮದೆಂದು ಹಿಡಿದುಕೊಂಡರು. ತನ್ನ ಸಸಿಗೆ ಬಿಸಿಲು ಕಮ್ಮಿಯಾಯಿತೆಂದು ತೊಮಿಎ ಜಗಳವನ್ನೂ ಆಡಿದಳು. ಇವಾಕಿಚಿ ಮಾತ್ರ ಈ ಮಕ್ಕಳಾಟ ತನಗೆ ಬೇಡವೆಂದು ದೂರವಿದ್ದ. ಆದರೆ ದಿನವೂ ಬೆಳಿಗ್ಗೆ, ಟ್ರೇಗಳಿಗೆ ನೀರು ಹಾಯಿಸುವ ಪಂಪಿನಲ್ಲಿ ಸಿಕ್ಕಿಕೊಂಡ ಕಸವನ್ನು ಯಾರೋ ಆಗಲೇ ತೆಗೆದಿರುತ್ತಿದ್ದರು. ಯಾರೆಂದು ಕಿಯೊನೊ ಕೇಳಲಿಲ್ಲ.

ವಸಂತದಲ್ಲಿ ಸಮುದ್ರ ಬಹಳ ಹಿಂದಕ್ಕೆ ಸರಿಯುವ ದೊಡ್ಡ ಇಳಿತದ ದಿನ ನಾಟಿ. ಊರಿಗೆ ಊರೇ ರಬ್ಬರ್ ಪ್ಯಾಂಟು ಏರಿಸಿ ನೀರಿಗೆ ಇಳಿಯಿತು. ಗಂಟು ಹಾಕಿದ ಹಗ್ಗದ ಒಂದು ತುದಿ ಇವಾಕಿಚಿಯ ಕೈಯಲ್ಲಿ, ಇನ್ನೊಂದು ತುದಿ ಮಿಯೋಕೊಳ ಕೈಯಲ್ಲಿ. ಗಂಟಿಗೊಂದು ಸಸಿ ಊರಿ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಈಜು ಬಾರದ ಕಿಯೊನೊ ತೊಡೆಮಟ್ಟದ ನೀರಿನಲ್ಲಿ ನಿಂತು, ತವರಿನ ಗದ್ದೆಯಲ್ಲಿ ಮಾಡುತ್ತಿದ್ದಂತೆಯೇ ಹೆಬ್ಬೆರಳಿನಲ್ಲಿ ಸಸಿ ಒತ್ತುತ್ತಾ ಹೋದಳು.

"ತೊಮಿಎ, ಅದು ನಾಟೀನೋ ಹೆಣ ಹೂಳ್ತಿದೀಯೋ? ಅಷ್ಟು ಆಳ ಬೇಡ!"

"ನೀನ್ ಸುಮ್ನಿರೇ ಗದ್ದೆ ಸೊಸೆ! ಇವತ್ತೊಂದಿನ ಸಿಕ್ತು ಅಂತ ಯಜಮಾನಿಕೆ ಮಾಡ್ತಾಳೆ!"

"ರೀ, ಹಗ್ಗ ಬಿಗಿಯಾಗ್ ಹಿಡೀರಿ! ನಿದ್ದೆ ಬಂತಾ?"

"ನಲವತ್ತು ವರ್ಷದಿಂದ ನಿನ್ ಜೊತೆ ಇದೀನಿ, ನಿದ್ದೆ ಎಲ್ಲಿಂದ ಬರ್ಬೇಕು?" ಎಂದ ಇವಾಕಿಚಿ. ಇಡೀ ಸಾಲು ನಕ್ಕು ನಕ್ಕು ಒಂದು ಗಂಟು ತಪ್ಪಿಸಿಕೊಂಡಿತು. ಮಧ್ಯಾಹ್ನ ದಡದಲ್ಲಿ ಅನ್ನದ ಉಂಡೆ, ಬಿಸಿ ಬಿಸಿ ಸಿಂಪಿ ಸಾರು. ಅಷ್ಟು ಸಂತೋಷವಾಗಿ ಈ ಊರು ಒಟ್ಟಿಗೆ ಉಂಡದ್ದು ನನಗಂತೂ ನೆನಪಿಲ್ಲ.

ಆಮೇಲಿನದು ಕಾಯುವ ಕೆಲಸ. ಆ ವರ್ಷ ಬಿರುಗಾಳಿ ಒಂದರ ಹಿಂದೊಂದು ಬಂತು. ದೋಣಿ ಕೊಳ್ಳುವವನೂ ಒಬ್ಬ ಬಂದು ನೋಡಿಕೊಂಡು ಹೋದ. ಹುಲ್ಲು ನೋಡಿದ ಮೇಲೆ ಹೇಳುತ್ತೇನೆ ಎಂದು ಇವಾಕಿಚಿ ಅವನನ್ನು ಸಾಗಹಾಕಿದ.

ಮರುವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ನೀರು ತಿಳಿಯಾಯಿತು. ಮಿಯೋಕೊಳ ಜೊತೆ ಕಿಯೊನೊ ತಾನೂ ದೋಣಿ ಹತ್ತಿದಳು, ಯಾರು ಬೇಡವೆಂದರೂ ಕೇಳಲಿಲ್ಲ. ನಾಟಿ ಹಾಕಿದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಇವಾಕಿಚಿ ಗಾಜಿನ ತಳದ ಪೆಟ್ಟಿಗೆಯನ್ನು ನೀರಿಗೊತ್ತಿ ಅದರೊಳಗೆ ಮುಖವಿಟ್ಟ. ಇಟ್ಟವನು ಎತ್ತಲೇ ಇಲ್ಲ.

"ಏನ್ರೀ? ಏನ್ ಕಾಣ್ತಿದೆ?"

"ಸಾಲು ಕಾಣ್ತಿಲ್ಲ."

ಕಿಯೊನೊ ದೋಣಿಯ ಅಂಚು ಹಿಡಿದು ನೀರಿನತ್ತ ಬಾಗಿದಳು. "ಒಂದೂ?"

"ಒಂದೂ ಕಾಣ್ತಿಲ್ಲ ಕಣೇ," ಎಂದು ಅವನು ತಲೆ ಎತ್ತಿದ. ಮುಖವೆಲ್ಲ ಒದ್ದೆ, ಅದು ಸಮುದ್ರದ್ದೋ ಕಣ್ಣಿನದೋ ಹೇಳುವಂತಿರಲಿಲ್ಲ. "ಸಾಲಿನ ಮಧ್ಯ ಎಲ್ಲಾ ಹಬ್ಬಿ ಮುಚ್ಚೋಗಿದೆ. ಹೆಜ್ಜೆ ಇಡೋಕೂ ಜಾಗ ಇಲ್ಲ."

ಅವಳು ಪೆಟ್ಟಿಗೆ ಕಿತ್ತುಕೊಂಡಳು. ಕೆಳಗೆ ಹಸಿರೋ ಹಸಿರು, ಒಟ್ಟಿಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬಾಗುತ್ತಿತ್ತು. ಅದರ ಎಸಳುಗಳ ನಡುವಿನಿಂದ ಬೆರಳುದ್ದದ ಮರಿಗಳ ಹಿಂಡೊಂದು ಹೊರಗೆ ಬಂದು, ದೋಣಿಯ ನೆರಳು ಕಂಡು ಮತ್ತೆ ಒಳಗೆ ನುಗ್ಗಿತು.

"ಮಿಯೋಕೊ, ಬಾರೇ ಇಲ್ಲಿ, ನೋಡೇ!" ಎಂದು ಅವಳು ಕೂಗಿದ್ದು ದಡದ ಶೆಡ್ಡಿಗೂ ಕೇಳಿಸಿತಂತೆ.

ಇಬ್ಬರು ಹೆಂಗಸರೂ ಅಪ್ಪಿಕೊಂಡು ಕುಣಿಯತೊಡಗಿದಾಗ ದೋಣಿ ತೂಗಾಡಿತು. ಇವಾಕಿಚಿ ಬೈಯಲಿಲ್ಲ. ಹಿಂದಿನ ಹಲಗೆಯ ಮೇಲೆ ಕೂತು, ಪೇಂಟು ಎದ್ದುಹೋದ ಅಂಚನ್ನು ಉಗುರಿನಿಂದ ಕೆರೆಯುತ್ತಾ ಹೇಳಿದ:

"ಇದಕ್ಕೆ ಈ ವರ್ಷ ಬಣ್ಣ ಹೊಡೀಬೇಕು."