ರವ್ನೀಲನ ಫೈಲು, ಸುಮಿಂತ್ರಾಳ ಒರಳು

ರವ್ನೀಲನ ಕೈಯಲ್ಲಿ ಸ್ಪ್ಯಾನರಿಗಿಂತ ಮೊದಲು ನಾನು ನೋಡಿದ್ದು ಫೈಲನ್ನು. ರಾಜಧಾನಿ ಸುವಾದಲ್ಲಿ ಎಂಜಿನಿಯರಿಂಗ್ ಮುಗಿಸಿ ನಮ್ಮ ಬಾ ಪಟ್ಟಣಕ್ಕೆ ಮರಳಿದ ಹುಡುಗ, ಕೆಲಸ ಕೇಳಲು ನಮ್ಮ ದೊರ್ಸಾಮಿಯ ವರ್ಕ್‌ಶಾಪಿಗೆ ಬಂದಿದ್ದ. ಅವನು ರೂಪಿಸಿದ ಯಂತ್ರಗಳ ನಲವತ್ತು ಪುಟದ ಫೈಲು, ಪ್ರತಿ ಪುಟಕ್ಕೂ ಪ್ಲಾಸ್ಟಿಕ್ ಹೊದಿಕೆ. ನಾನು ಆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷದಿಂದ ಲೇತ್ ತಿರುಗಿಸುತ್ತಿದ್ದೇನೆ. ನನ್ನ ಹತ್ತಿರ ಒಂದು ಪುಟವೂ ಇಲ್ಲ.

ಮೊದಲ ಪುಟದಲ್ಲಿ ತೆಂಗಿನಕಾಯಿ ಸುಲಿಯುವ ಯಂತ್ರವಿತ್ತು. ಹದಿನೆಂಟು ಸೆಂಟಿಮೀಟರ್ ದಪ್ಪದ ಕಾಯಿಯನ್ನು ಎಂಟು ಸೆಕೆಂಡಿನಲ್ಲಿ ಸುಲಿಯುತ್ತದಂತೆ. ಇಪ್ಪತ್ತರದ್ದು ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ.

"ಯಂತ್ರ ನಿಂತ್ಹೋಗತ್ತೆ ಕಾಕಾ. ನಮ್ಮ ಕಾಯಿಗಳಲ್ಲಿ ಏಕರೂಪತೆ ಇಲ್ಲ, ಅದೇ ಸಮಸ್ಯೆ" ಎಂದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪೆಲ್ಲ ತೆಂಗಿನಮರದ್ದಾಯಿತು.

ದೊರ್ಸಾಮಿ ಫೈಲನ್ನು ಕೊನೆಯ ಪುಟದಿಂದ ತಿರುವಿದ. ಅವನು ಮದುವೆ ಕರೆಯೋಲೆಯನ್ನೂ ಹಾಗೇ ಓದುತ್ತಾನೆ. ಮುಚ್ಚಿಟ್ಟು ಹೇಳಿದ: "ಕ್ರಿಸ್‌ಮಸ್ ತನಕ ಇರು. ಅಷ್ಟರಲ್ಲಿ ನೀನು ಮಾಡಿದ ಒಂದು ಸಾಮಾನನ್ನ ಯಾರಾದ್ರೂ ದಿನಾ ಬಳಸ್ತಿರ್ಬೇಕು. ಪಕ್ಕದಲ್ಲಿ ನೀನು ನಿಂತಿರಬಾರದು. ಆಗ್ಲಿಲ್ಲ ಅಂದ್ರೆ ನಿಮ್ಮಪ್ಪನ ಕಬ್ಬಿನ ಗದ್ದೆ ಇದ್ದೇ ಇದೆ."

ಹುಡುಗ ತಲೆಯಾಡಿಸಿದ. ನಾಲ್ಕು ವರ್ಷ ಓದಿ ಮತ್ತೆ ಕಬ್ಬು ಕಡಿಯುವುದೆಂದರೆ ಅವನಿಗೆ ಸಾವೇ ಲೇಸು ಎನಿಸಿತ್ತು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮೊದಲು ಕೈ ಹಾಕಿದ್ದು ರೊಟ್ಟಿ ತವೆಗೆ. ನಾವು ದೊರ್ಸಾಮಿಯ ಅಪ್ಪನ ಕಾಲದಿಂದ ಮಾಡುತ್ತಿದ್ದ ತವೆ ಭಾರವಂತೆ. ಕಂಪ್ಯೂಟರಿನಲ್ಲಿ ಹೋಳಿ ಆಡಿದಂತೆ ಕೆಂಪು ನೀಲಿ ಬಣ್ಣದ ಚಿತ್ರ ಬರೆದು, ಬೇಡದ ಕಬ್ಬಿಣವನ್ನೆಲ್ಲ ಅಡಿಯಿಂದ ಕೆರೆಸಿದ. ಕೆರೆದವನು ನಾನೇ. ತೂಕ ಮೂರನೇ ಒಂದು ಪಾಲು ಇಳಿಯಿತು. ದೊರ್ಸಾಮಿಯ ಹೆಂಡತಿ ಅದರ ಮೇಲೆ ಮೊದಲ ರೊಟ್ಟಿ ಬೇಯಿಸಿದಳು. ತೆಳುವಾದಲ್ಲೆಲ್ಲ ಕರಕಲು, ದಪ್ಪವಿದ್ದಲ್ಲೆಲ್ಲ ಹಸಿ ಹಿಟ್ಟು. ತವೆ ಹಗುರವಾಗಿದ್ದುದರಿಂದ ಅಡುಗೆಮನೆಯಿಂದ ಬಹಳ ದೂರ ಹಾರಿ ಬಂತು. ಅದೂ ಫೈಲು ಸೇರಿತು: "ಐದು ಜನರ ತಂಡದ ನೇತೃತ್ವ ವಹಿಸಿ, ತೂಕದಲ್ಲಿ ಶೇಕಡಾ ಮೂವತ್ತಮೂರು ಉಳಿತಾಯ." ತಂಡವೆಂದರೆ ನಾನು, ಇಬ್ಬರು ವೆಲ್ಡರುಗಳು, ಅವನು. ಐದನೆಯವರು ಯಾರೆಂದು ಹುಡುಕಿದೆ. ದೊರ್ಸಾಮಿಯ ನಾಯಿ ಇರಬೇಕು.

ಅಕ್ಟೋಬರಿನಲ್ಲಿ ಸುಮಿಂತ್ರಾ ಬಂದಳು. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಅವಳ ಯಂಗೋನ ಅಂಗಡಿ; ಕುಡಿದರೆ ನಾಲಿಗೆ ಜೋಮು ಹಿಡಿದು ಮೈ ಹಗುರಾಗುವ ಬೇರಿನ ಪಾನೀಯ ಅದು. ಒಣಗಿದ ಬೇರನ್ನು ಕಬ್ಬಿಣದ ಒರಳಿಗೆ ಹಾಕಿ ಕಬ್ಬಿಣದ ಒನಕೆಯಲ್ಲಿ ಕುಟ್ಟಿ, ನೀರಿನಲ್ಲಿ ಹಿಂಡಿ, ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾಳೆ. ಮಿಲ್ಲಿನ ಪುಡಿಯನ್ನು ನಮ್ಮೂರಿನವರು ಮುಟ್ಟುವುದಿಲ್ಲ, ಕುಟ್ಟಿದ್ದೇ ಆಗಬೇಕು. ಇಪ್ಪತ್ತೆರಡು ವರ್ಷ ಕುಟ್ಟಿದ ತೋಳು ಈಗ ಮೇಲೇಳುತ್ತಿರಲಿಲ್ಲ.

"ಕುಟ್ಟೋದು ಬಿಡು ಅಂತಾರೆ ಡಾಕ್ಟ್ರು. ಬಿಟ್ರೆ ಅಂಗಡಿ ಮುಚ್ಚಬೇಕು. ಏನಾದ್ರೂ ಮಾಡ್ಕೊಡು ಮಗಾ" ಎಂದಳು. ಅವಳು ಮಗಾ ಎಂದದ್ದು ರವ್ನೀಲನಿಗೆ.

ಅವನು ಸ್ಟಾಪ್‌ವಾಚು ಹಿಡಿದು ಹೋಗಿ ಅವಳು ಕುಟ್ಟುವುದನ್ನು ನೋಡಿಬಂದ. "ಮೂರು ಪೆಟ್ಟು ಹಾಕ್ತಾರೆ, ನಾಲ್ಕನೇದಕ್ಕೆ ಸುಮ್ನೆ ನಿಲ್ತಾರೆ. ಕಾಲು ಭಾಗ ಕಾಲ ದಂಡ ಕಾಕಾ" ಎಂದು ಮರುಗಿದ. ಅವನು ಕಟ್ಟಿದ ಯಂತ್ರದಲ್ಲಿ ಒಂದು ಮೋಟಾರು, ನಾಲ್ಕು ಹಲ್ಲಿನ ಒಂದು ಚಕ್ರ. ಹಲ್ಲು ಒನಕೆಯನ್ನು ಎತ್ತುತ್ತದೆ, ಬಿಡುತ್ತದೆ. ಕೆಳಗೆ ದಪ್ಪ ರಬ್ಬರು, ಸುತ್ತ ಕಂಬಳಿ, ಸದ್ದೇ ಇಲ್ಲ. ಪುಡಿ ನುಣ್ಣಗೆ ಬಂತು. ಹೊಟ್ಟೆಕಿಚ್ಚಾದರೂ ಒಪ್ಪಬೇಕು, ಚೆನ್ನಾಗಿಯೇ ಮಾಡಿದ್ದ.

ಯಂತ್ರ ಕೂರಿಸಿದ ಮಾರನೆಯ ದಿನ ಅಂಗಡಿಗೆ ಇಬ್ಬರು ಬಂದರು. ಅದರ ಮಾರನೆಯ ದಿನ ಯಾರೂ ಇಲ್ಲ. ಮೂರನೆಯ ದಿನ ಬಸ್ ಡ್ರೈವರ್ ವೈಸೆಯಾ ಒಂದು ಹೊರೆ ಮರಗೆಣಸು ಹೊತ್ತು, ಮುಖ ಸಣ್ಣದು ಮಾಡಿಕೊಂಡು ಬಂದ.

"ಇದ್ಯಾಕೋ?" ಎಂದಳು ಸುಮಿಂತ್ರಾ.

"ನೀನು ಆಸ್ಪತ್ರೆ ಸೇರಿದ್ದೀಯ ಅಂತ ಮನೆಯವರಿಗೆ ಕೊಡೋಣ ಅಂತ ತಂದೆ. ಎರಡು ದಿನದಿಂದ ಒರಳಿನ ಸದ್ದೇ ಇಲ್ವಲ್ಲ."

"ಬದುಕಿದ್ದೀನಿ. ಕೂತ್ಕೋ, ಕುಡಿ."

ಆಗ ಎಲ್ಲರಿಗೂ ಅರ್ಥವಾಯಿತು. ಆ ಟಣ್ ಟಣ್ ಕೇಳಿದರೆ ತಾನೇ ಅಂಗಡಿ ತೆರೆದಿದೆ ಎಂದು ನಮಗೆ ಗೊತ್ತಾಗುವುದು. ಸದ್ದೇ ಅವಳ ಬೋರ್ಡು. ನನಗೂ ಹೊಳೆದಿರಲಿಲ್ಲ, ಹಾಗಾಗಿ ನಗುವ ಹಕ್ಕು ನನಗಿರಲಿಲ್ಲ. ಆದರೂ ನಕ್ಕೆ.

ರವ್ನೀಲ ಅವತ್ತೇ ರಬ್ಬರು, ಕಂಬಳಿ ಕಿತ್ತ. ಟಣ್ ಟಣ್ ಟಣ್ ಟಣ್, ಬಿಡುವಿಲ್ಲದೆ ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಜನ ಬಾಗಿಲವರೆಗೆ ಬಂದು, ಇಣುಕಿ, ಹೊರಟುಹೋದರು.

"ನೀನು ಅಂಗಡಿ ಮಾರಿಬಿಟ್ಟೆ ಅಂದ್ಕೊಂಡೆ" ಎಂದ ವೈಸೆಯಾ. "ಇದು ನಿನ್ನ ಕೈ ಅಲ್ಲ. ಇದು ಯಾರೋ ಅವಸರದವರು."

ಡಿಸೆಂಬರ್ ಹುಟ್ಟಿತು. ಒಂದು ಮಧ್ಯಾಹ್ನ ನಾನೂ ರವ್ನೀಲನೂ ಹೋದಾಗ ಸುಮಿಂತ್ರಾ ಯಂತ್ರವನ್ನು ಪಕ್ಕಕ್ಕೆ ಸರಿಸಿ, ಹಳೇ ಒನಕೆ ಹಿಡಿದು ಕುಟ್ಟುತ್ತಿದ್ದಳು. ಒಂದೊಂದು ಪೆಟ್ಟಿಗೂ ಹಲ್ಲು ಕಚ್ಚುತ್ತಿದ್ದಳು. ಒಳಗೆ ಗಿರಾಕಿಗಳು ತುಂಬಿದ್ದರು. ಹುಡುಗ ಒರಳಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಸ್ಟಾಪ್‌ವಾಚು ಜೇಬಿನಲ್ಲೇ ಉಳಿಯಿತು.

"ಕಾಕಿ, ಮೂರಾದ್ಮೇಲೆ ಯಾಕೆ ನಿಲ್ತೀರಿ?" ಎಂದು ಕೇಳಿದ. ಮೊದಲ ಸಲ ಬಂದಾಗಲೇ ಕೇಳಬೇಕಿದ್ದ ಪ್ರಶ್ನೆ.

"ಮೂರಕ್ಕೆ ತೋಳು ಬೇಡ ಅನ್ನತ್ತೆ. ಒಂದು ಉಸಿರು ತಗೋತೀನಿ. ಅಷ್ಟ್ರಲ್ಲಿ ಬೇಡ ಅಂದಿದ್ದು ಅದಕ್ಕೆ ಮರೆತ್ಹೋಗತ್ತೆ."

ಅವನು ಚಕ್ರ ಬಿಚ್ಚಿಕೊಂಡು ನನ್ನ ಹತ್ತಿರ ತಂದ. "ಕಾಕಾ, ನಾಲ್ಕನೇ ಹಲ್ಲು ಕತ್ತರಿಸಿಹಾಕಿ."

ದೊರ್ಸಾಮಿ ಹಾದುಹೋಗುತ್ತಿದ್ದವನು ನಿಂತ. "ಒಳ್ಳೆ ಹಲ್ಲು ಯಾಕೋ ಕೀಳ್ತಿದ್ದೀಯ? ಕಾಲು ಭಾಗ ಕೆಲಸ ಕಮ್ಮಿ ಆಗಲ್ವಾ?"

"ಆಗತ್ತೆ ಬಾಸ್. ಅಲ್ಲಿ ಕಾಕಿ ಉಸಿರು ತಗೋತಾರೆ."

ಶೇಕಡಾವಾರು ಲೆಕ್ಕವಿಲ್ಲದೆ ಆ ಹುಡುಗ ಆಡಿದ ಮೊದಲ ಮಾತು ಅದು. ದೊರ್ಸಾಮಿ ನನ್ನ ಮುಖ ನೋಡಿದ. ನಾನು ಗ್ರೈಂಡರ್ ಚಾಲೂ ಮಾಡಿದೆ.

ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ ಸಂಜೆ ದೊರ್ಸಾಮಿ, ನಾನು ಅಂಗಡಿಗೆ ಹೋದೆವು. ರವ್ನೀಲನನ್ನು ಬೇಕೆಂದೇ ವರ್ಕ್‌ಶಾಪಿನಲ್ಲಿ ಬಿಟ್ಟಿದ್ದೆವು, ಷರತ್ತು ಷರತ್ತೇ. ಟಣ್ ಟಣ್ ಟಣ್, ಬಿಡುವು, ಮತ್ತೆ ಮೂರು. ಬೆಂಚುಗಳಲ್ಲಿ ಜಾಗವಿರಲಿಲ್ಲ. ವೈಸೆಯಾ ಜನ ತುಂಬಿದ ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ ಒಳಗೆ ಬಂದು, ವಾಡಿಕೆಯಂತೆ ಒಂದು ಚಪ್ಪಾಳೆ ತಟ್ಟಿ ಚಿಪ್ಪು ಎತ್ತಿ ಕುಡಿದ. "ಈಗ ನೋಡು, ಇದು ಸುಮಿಂತ್ರಾ ಕೈ" ಎಂದ. ಅವಳು ಒರಳಿನಿಂದ ಎರಡು ಮಾರು ದೂರದಲ್ಲಿ ಕುಳಿತಿದ್ದಳು.

ದೊರ್ಸಾಮಿ ಎರಡು ಚಿಪ್ಪು ಕುಡಿದು, ಜೋಮು ಹಿಡಿದ ನಾಲಿಗೆಯಲ್ಲೇ ಹೇಳಿದ: "ಹುಡುಗನಿಗೆ ಹೊಸ ವರ್ಷಕ್ಕೂ ವರ್ಕ್‌ಶಾಪಿಗೇ ಬರೋಕೆ ಹೇಳು. ಆ ಫೈಲು ಮಾತ್ರ ತರೋದು ಬೇಡ."

ನಾನು ಸುಮಿಂತ್ರಾಳನ್ನೇ ನೋಡುತ್ತಿದ್ದೆ. ಅವಳ ಎರಡೂ ಕೈ ಮಡಿಲಲ್ಲಿದ್ದವು. ಒನಕೆ ಮೂರು ಸಲ ಬಿದ್ದು ನಿಂತಿತು. ಏನೂ ಮಾಡದೆ ಕುಳಿತಿದ್ದ ಅವಳು ದೀರ್ಘವಾಗಿ ಒಂದು ಉಸಿರು ಎಳೆದುಕೊಂಡಳು. ಒನಕೆ ಮತ್ತೆ ಬಿತ್ತು.