ಮೇಸ್ತ್ರಿಯ ಸೀಲ್ ಮತ್ತು ಹಿಲ್ಲೂರಿನ ಜೀಪು

೨೦೦೪ರಲ್ಲಿ ನಾನು ಅಂಕೋಲೆಯಲ್ಲಿ ಡೀಸೆಲ್ ಗಾಡಿಗಳ ಗ್ಯಾರೇಜ್ ನಡೆಸುತ್ತಿದ್ದೆ. ಅದಕ್ಕೂ ಮೊದಲು ಹಲವು ವರ್ಷ ಕಾರವಾರದ ಒಂದು ಪಂಪ್ ರೂಮಿನಲ್ಲಿ ಕೆಲಸ ಕಲಿತವನು. ಪಂಪ್ ರೂಮ್ ಎಂದರೆ ನೀರೆತ್ತುವ ಜಾಗವಲ್ಲ. ಡೀಸೆಲ್ ಎಂಜಿನ್ನಿನ ಇಂಧನ ಪಂಪನ್ನು ಬಿಚ್ಚಿ, ತೊಳೆದು, ಅಳತೆಗೆ ಕೂರಿಸಿಕೊಡುವ ಅಂಗಡಿ. ಅಲ್ಲಿನ ಯಜಮಾನರು ವಿಠೋಬಾ ಮೇಸ್ತ್ರಿ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಅವರು, ಹೊಟ್ಟೆಗೆ ಹಾಕಿದ್ದು ಅವರ ಹೆಂಡತಿ. ಅಪ್ಪ ಇಲ್ಲದ ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವರೂ ಅವರೇ. ಗ್ಯಾರೇಜ್ ಹಾಕಿದ ಮೇಲೆ ನನ್ನಲ್ಲಿಗೆ ಬಂದ ಪಂಪ್ ಕೆಲಸವನ್ನೆಲ್ಲ ಕಣ್ಣು ಮುಚ್ಚಿ ಕಾರವಾರಕ್ಕೇ ಕಳಿಸುತ್ತಿದ್ದೆ.

ನಮ್ಮ ಕಸುಬಿನ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಎಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಎಂಬುದನ್ನು ಪಂಪಿನ ಒಂದು ಸಣ್ಣ ಸ್ಕ್ರೂ ನಿರ್ಧರಿಸುತ್ತದೆ. ಪಂಪನ್ನು ಅಳತೆಗೆ ಕೂರಿಸಿದ ಮೇಸ್ತ್ರಿ ಆ ಸ್ಕ್ರೂಗೆ ತಂತಿ ಸುತ್ತಿ, ಸೀಸದ ಗುಂಡು ಒತ್ತಿ, ಅದರ ಮೇಲೆ ತನ್ನ ಗುರುತು ಮೂಡಿಸುತ್ತಾನೆ. ಒಬ್ಬನ ಸೀಲನ್ನು ಇನ್ನೊಬ್ಬ ಒಡೆಯುವಂತಿಲ್ಲ. ಒಡೆದರೆ ಗ್ಯಾರಂಟಿ ಹೋಗುತ್ತದೆ ಎಂಬುದು ಸಣ್ಣ ಮಾತು. ನಿನ್ನ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೇ ಹೇಳಿದಂತೆ. ಗುರುವಿನ ಸೀಲ್ ಆದರಂತೂ ಕೇಳುವುದೇ ಬೇಡ.

ಆ ವರ್ಷ ಮಳೆಗಾಲದಲ್ಲಿ ಹಿಲ್ಲೂರಿನ ಹೆಗಡೆಯವರ ಜೀಪಿನ ಡೀಸೆಲ್ ಟ್ಯಾಂಕಿಗೆ ನೀರು ಹೊಕ್ಕಿತು. ಅಂಕೋಲೆ ಮತ್ತು ಹಿಲ್ಲೂರಿನ ನಡುವೆ ಜನರನ್ನೂ ಸಾಮಾನನ್ನೂ ಹೊತ್ತು ತಿರುಗುವ ಹಳೆಯ ಜೀಪು ಅದು. ಹೆಗಡೆಯವರು ತಾವೇ ಓಡಿಸುತ್ತಿದ್ದರು, ಸ್ವಂತ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದರು. ನೀರು ಕುಡಿದ ಪಂಪನ್ನು ನಾನು ಇಳಿಸಿ ಕಾರವಾರಕ್ಕೆ ಕಳಿಸಿದೆ. ಒಳಗಿನ ನಾಲ್ಕೂ ಎಲಿಮೆಂಟ್ ಹೊಸತು ಹಾಕಿದ್ದೇನೆಂದು ಹೇಳಿ, ಸೀಲ್ ಒತ್ತಿ, ಮೇಸ್ತ್ರಿ ವಾಪಸು ಕಳಿಸಿದರು. ಎಲಿಮೆಂಟ್ ಅಂದರೆ ಕಿರುಬೆರಳಿನ ಗಾತ್ರದ ಒಂದು ಉಕ್ಕಿನ ಕಡ್ಡಿ ಮತ್ತು ಅದು ಮೇಲೆ ಕೆಳಗೆ ಆಡುವ ಕೊಳವೆ. ಎರಡರ ನಡುವಿನ ಸಂದಿ ಕೂದಲಿಗಿಂತ ಸಣ್ಣದು. ಡೀಸೆಲ್ಲನ್ನು ಒತ್ತಿ ಎಂಜಿನ್ನಿಗೆ ತಳ್ಳುವ ಕೆಲಸ ಅದರದು.

ಅದೇ ಹೊತ್ತಿಗೆ ಹೆಗಡೆಯವರ ಸೊಂಟ ಕೈಕೊಟ್ಟಿತು. ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಭಾವಿಕೇರಿಯ ಬೊಮ್ಮಯ್ಯನನ್ನು ಡ್ರೈವರ್ ಮಾಡಿಕೊಂಡರು. ಕೂಲಿ ಕೆಲಸ ಮಾಡುತ್ತಲೇ ಡ್ರೈವಿಂಗ್ ಕಲಿತು, ಲಾರಿಗಳಲ್ಲಿ ಕ್ಲೀನರ್ ಆಗಿ ತಿರುಗಿ, ನಲವತ್ತರ ಹತ್ತಿರ ಬಂದಾಗ ಮೊದಲ ಸಲ ಒಂದು ಗಾಡಿಯ ಕೀ ಕೈಗೆ ಸಿಕ್ಕವನು ಅವನು. ದಿನಾ ಬೆಳಿಗ್ಗೆ ಜೀಪಿಗೆ ಹೂವು ಮುಡಿಸಿಯೇ ಹೊರಡುತ್ತಿದ್ದ.

ಹೂವು ಮುಡಿಸಿದ ಜೀಪು ಕೆಲವೇ ದಿನಗಳಲ್ಲಿ ವಿಪರೀತ ಕುಡಿಯಲು ಶುರುಮಾಡಿತು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಎಂಟಕ್ಕೆ ಇಳಿಯಿತು. ಹೆಗಡೆಯವರು ಗ್ಯಾರೇಜಿಗೆ ಬಂದು ಕೂತರು. ಗಾಡಿಯನ್ನು ಬೈಯಲಿಲ್ಲ. ನಾನು ಓಡಿಸುವಾಗ ಕುಡಿಯದ ಗಾಡಿ ಇವನು ಹತ್ತಿದ ಮೇಲೆ ಯಾಕೆ ಕುಡಿಯಿತು ಎಂದಷ್ಟೇ ಕೇಳಿದರು. ಜೊತೆಗೆ ಇನ್ನೊಂದು ಮಾತು ಅವರ ಕಿವಿಗೆ ಬಿದ್ದಿತ್ತು: ಬೊಮ್ಮಯ್ಯ ಸ್ಟ್ಯಾಂಡಿನಲ್ಲಿ ಎಲ್ಲರ ಜೊತೆ ಜೀಪು ನಿಲ್ಲಿಸುವುದಿಲ್ಲ, ದೂರದ ಇಳಿಜಾರಿನಲ್ಲಿ ಒಂಟಿಯಾಗಿ ನಿಲ್ಲಿಸುತ್ತಾನೆ. ಪೈಪ್ ಹಾಕಿ ಡೀಸೆಲ್ ಎಳೆಯುವವರು ಬೇರೆಲ್ಲಿ ನಿಲ್ಲಿಸುತ್ತಾರೆ? ಸ್ಟ್ಯಾಂಡಿನವರು ಅವನಿಗೆ ಆಗಲೇ 'ಡೀಸೆಲ್ ಬೊಮ್ಮಯ್ಯ' ಎಂದು ಹೆಸರಿಟ್ಟಿದ್ದರು. ಅಂಕೋಲೆಯಂಥ ಊರಿನಲ್ಲಿ ಇಂಥ ಹೆಸರು ಅಂಟಿದ ಡ್ರೈವರಿಗೆ ಇನ್ನೊಂದು ಗಾಡಿ ಸಿಗುವುದುಂಟೇ?

ಮೈಲೇಜ್ ಬಿದ್ದಾಗ ಮೆಕ್ಯಾನಿಕ್ ನೋಡಬೇಕಾದ ದಾರಿ ಒಂದಿದೆ. ಬ್ರೇಕ್ ಬಿಗಿಯಾಗಿ ಚಕ್ರ ಹಿಡಿಯುತ್ತಿದೆಯೇ ಎಂದು ಜಾಕ್ ಕೊಟ್ಟು ತಿರುಗಿಸಿ ನೋಡಿದೆ, ಸಲೀಸಾಗಿ ತಿರುಗಿತು. ಟೈರ್ ಗಾಳಿ ಸರಿಯಿತ್ತು. ಕ್ಲಚ್ ಜಾರುತ್ತಿರಲಿಲ್ಲ. ಏರ್ ಕ್ಲೀನರ್ ಕೊಳೆಯಾಗಿತ್ತು, ತೊಳೆದೆ. ಇಂಜೆಕ್ಟರುಗಳನ್ನು ಟೆಸ್ಟ್ ಮಾಡಿದರೆ ಸಿಂಪಡಿಕೆ ಸೊಗಸಾಗಿತ್ತು. ಟ್ಯಾಂಕಿನಿಂದ ಎಂಜಿನ್‌ವರೆಗೆ ಪೈಪಿನಲ್ಲಿ ಒಂದು ಹನಿ ಸೋರಿಕೆಯಿಲ್ಲ. ಏರಿನಲ್ಲಿ ಜೋರಾಗಿ ಎಳೆದರೂ ಕಪ್ಪು ಹೊಗೆ ಬಿಡುತ್ತಿತ್ತು ನಿಜ. ಹಳೆ ಗಾಡಿ ಹೊಗೆ ಬಿಡದೆ ಧೂಪ ಹಾಕುತ್ತದೆಯೇ ಎಂದು ನಗೆಯಾಡಿ ಬಿಟ್ಟೆ. ಪಂಪಿನ ಮೇಲೆ ವಿಠೋಬಾ ಮೇಸ್ತ್ರಿಯ ಸೀಲ್ ಹೊಳೆಯುತ್ತಿತ್ತು. ಅದನ್ನು ಒರೆಸಿ ಮುಂದೆ ಹೋದೆ.

ಮರುದಿನ ಬೊಮ್ಮಯ್ಯನೇ ಬಂದ. ಮೈಲೇಜ್ ಸರಿಯಾಗದಿದ್ದರೆ ಕೀ ಕೊಟ್ಟು ಹೋಗು ಎಂದು ಹೆಗಡೆಯವರು ಅವನಿಗೆ ಒಂದು ವಾರದ ಗಡುವು ಕೊಟ್ಟಿದ್ದರು.

"ಉದಯಣ್ಣ, ನಾ ಕದ್ದಿಲ್ಲ ಹೇಳಿ ಆಣೆ ಹಾಕೂಕೆ ಬರಲಿಲ್ಲ. ನೀವೇ ಡೀಸೆಲ್ ತುಂಬ್ಸಿ, ನೀವೇ ಓಡ್ಸಿ ನೋಡಿ. ನಾ ಹತ್ತೂದೇ ಇಲ್ಲ."

ಇಷ್ಟು ನೇರವಾದ ಪರೀಕ್ಷೆ ನನಗೇ ಹೊಳೆಯಬೇಕಿತ್ತು. ಟ್ಯಾಂಕಿನ ಕುತ್ತಿಗೆವರೆಗೆ ಡೀಸೆಲ್ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕಿ, ಹಿಲ್ಲೂರಿನ ಟ್ರಿಪ್ಪನ್ನು ದಿನವಿಡೀ ನಾನೇ ಹೊಡೆದೆ. ಸಂಜೆ ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ ಅದೇ ಎಂಟು. ನಡುವೆ ಹಿಲ್ಲೂರಿನಲ್ಲಿ ಚಾ ಕುಡಿದು ಬಂದು ಕೀ ತಿರುಗಿಸಿದರೆ ಜೀಪು ಸ್ಟಾರ್ಟ್ ಆಗಲೊಲ್ಲದು. ಬೆಳಿಗ್ಗೆ ತಣ್ಣಗಿದ್ದಾಗ ತಟ್ಟನೆ ಎದ್ದ ಎಂಜಿನ್ನು ಬಿಸಿಯಾದ ಮೇಲೆ ಮೊಂಡು ಹಿಡಿಯಿತು. ಕೊನೆಗೆ ನಾಲ್ಕು ಜನ ತಳ್ಳಬೇಕಾಯಿತು. ಬೊಮ್ಮಯ್ಯ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು. ತಳ್ಳುವವರು ಸಿಗದಿದ್ದರೆ ಗಾಡಿಯನ್ನು ಉರುಳಿಸಿಯಾದರೂ ಎಬ್ಬಿಸಬಹುದಲ್ಲ. ಹೊಸ ಡ್ರೈವರು, ಗಾಡಿ ಕೆಡಿಸಿದೆ ಎಂದಾರು ಎಂಬ ಭಯಕ್ಕೆ ಯಾರಿಗೂ ಹೇಳಿರಲಿಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆಯದು. ಬಿಸಿಯಾದಾಗ ಡೀಸೆಲ್ ತೆಳ್ಳಗಾಗುತ್ತದೆ. ಎಲಿಮೆಂಟ್ ಸವೆದಿದ್ದರೆ ಆ ತೆಳು ಡೀಸೆಲ್ ಸಂದಿಯಲ್ಲೇ ಜಾರಿಹೋಗಿ ಸ್ಟಾರ್ಟಿಗೆ ಬೇಕಾದ ಒತ್ತಡ ಹುಟ್ಟುವುದಿಲ್ಲ. ಇದನ್ನು ನನಗೆ ಕಲಿಸಿದವರು ವಿಠೋಬಾ ಮೇಸ್ತ್ರಿಯೇ. ಹೊಸ ಎಲಿಮೆಂಟ್ ಇಷ್ಟು ಬೇಗ ಸವೆಯಲು ಸಾಧ್ಯವಿಲ್ಲ.

ಸೀಲಿಗೆ ಕೈ ಹಾಕಲು ಮನಸ್ಸು ಬರಲಿಲ್ಲ. ಹೆಗಡೆಯವರನ್ನು ಕೂರಿಸಿಕೊಂಡು, ಬೊಮ್ಮಯ್ಯನೇ ಓಡಿಸುತ್ತ, ಕಾರವಾರಕ್ಕೆ ಹೋದೆವು. ಮೇಸ್ತ್ರಿಗೆ ನನ್ನ ಟೆಸ್ಟಿನ ಕಥೆ ಹೇಳಿ, ಪಂಪನ್ನು ಒಮ್ಮೆ ಅಳತೆ ನೋಡುವ ಬೆಂಚಿಗೆ ಹಾಕಿ ನೋಡೋಣವೇ ಎಂದು ಆದಷ್ಟು ತಗ್ಗಿದ ದನಿಯಲ್ಲಿ ಕೇಳಿದೆ. ಅವರು ಬಾನೆಟ್ ಎತ್ತಿಸಿ, ಸೀಲನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಬೆಂಚಿಗೆ ಹಾಕುವ ಮಾತೇ ಎತ್ತಲಿಲ್ಲ. ಒಂದು ದಿನದ ಟೆಸ್ಟು ಟೆಸ್ಟಲ್ಲ ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಸ್ಟೇರಿಂಗ್ ಹಿಂದೆ ಕೂತಿದ್ದ ಬೊಮ್ಮಯ್ಯನ ಕಡೆ ನೋಡಿ ಹೆಗಡೆಯವರಿಗೆ ಹೇಳಿದರು:

"ಪಂಪಿಗೆ ಕೈ ಇಲ್ಲ ಹೆಗಡೇರೆ. ಕೈ ಇದ್ದವರು ಕದೀತಾರೆ."

ಗುರುವೇ ಹೀಗೆಂದ ಮೇಲೆ ಶಿಷ್ಯನ ಮಾತು ಯಾವ ಲೆಕ್ಕ? ವಾಪಸು ಬಂದೆವು. ಅಂಕೋಲೆಯ ಸ್ಟ್ಯಾಂಡಿನಲ್ಲಿ, ಎಲ್ಲರೆದುರು, ಹೆಗಡೆಯವರು ಕೈ ಚಾಚಿದರು. ಬೊಮ್ಮಯ್ಯ ಕೀ ಕೊಟ್ಟು ಇಳಿದು ನಡೆದುಹೋದ. ಯಾರೋ ಹಿಂದಿನಿಂದ ಸಿಳ್ಳೆ ಹೊಡೆದರು.

ಎರಡು ದಿನ ನನಗೆ ಇದೇ ಯೋಚನೆ. ಮೇಸ್ತ್ರಿ ತಪ್ಪಿರಲಾರರು ಎಂದು ಮನಸ್ಸು, ತಪ್ಪಿದ್ದಾರೆ ಎಂದು ಕಸುಬು. ಮೂರನೆಯ ದಿನ ಹೆಗಡೆಯವರ ಮನೆಗೆ ಹೋಗಿ, ಪಂಪ್ ಬಿಚ್ಚಲು ಬಿಡಿ, ಒಳಗೆಲ್ಲ ಸರಿಯಿದ್ದರೆ ಮುಂದಿನ ಖರ್ಚೆಲ್ಲ ನನ್ನದು ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿ ಜೊತೆಗೇ ಬಂದರು. ಅವರೆದುರೇ ತಂತಿ ಕತ್ತರಿಸಿದೆ.

ಮೊದಲನೆಯ ಎಲಿಮೆಂಟ್ ಈಚೆ ಬಂದಾಗಲೇ ಎಲ್ಲ ಮುಗಿದಿತ್ತು. ಹೊಸ ಕಡ್ಡಿ ಕನ್ನಡಿಯ ಹಾಗೆ ಹೊಳೆಯಬೇಕು. ಇದರ ಮೈಮೇಲೆ ಉದ್ದುದ್ದ ಗೀರುಗಳು, ಉಗುರು ಆಡಿಸಿದರೆ ತೊಡಕುತ್ತಿತ್ತು. ವರ್ಷಗಟ್ಟಲೆ ದುಡಿದ ಹಳೆಯ ಮಾಲು. ನಾಲ್ಕೂ ಹಾಗೆಯೇ. ಸವೆದ ಎಲಿಮೆಂಟಿನಿಂದ ಎಳೆತ ಕಮ್ಮಿಯಾಗುವುದು ಗೊತ್ತಾಗದಿರಲೆಂದು ಮೇಸ್ತ್ರಿ ಸೀಲಿನಡಿಯ ಆ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟಿದ್ದರು. ಏರಿನಲ್ಲಿ ಜೀಪು ಜೋರಾಗಿ ಎಳೆಯುತ್ತಿದ್ದುದೂ, ಕಪ್ಪು ಹೊಗೆಯೂ, ಎಂಟು ಕಿಲೋಮೀಟರೂ ಅದರಿಂದಲೇ. ಹೆಗಡೆಯವರಿಗೆ ಒಂದೊಂದನ್ನೂ ಮುಟ್ಟಿಸಿ ತೋರಿಸಿದೆ.

ಕುಮಟೆಯ ಬೇರೊಂದು ಪಂಪ್ ರೂಮಿನಲ್ಲಿ ಹೊಸ ಎಲಿಮೆಂಟ್ ಹಾಕಿಸಿ, ಅಳತೆಗೆ ಕೂರಿಸಿ ತಂದೆ. ಜೀಪು ಮತ್ತೆ ಹನ್ನೆರಡು ಕೊಟ್ಟಿತು. ಹಳೆಯ ನಾಲ್ಕನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಕಾರವಾರಕ್ಕೆ ಬಸ್ಸು ಹತ್ತಿದೆ.

ಮೇಸ್ತ್ರಿ ಗಂಟು ಬಿಚ್ಚಿ ನೋಡಿದರು. ನಿರಾಕರಿಸಲಿಲ್ಲ. ನಮ್ಮ ಕಡೆಯ ಸಣ್ಣ ಬೋಟುಗಳಿಗೆ ಹಳೆಯ ಜೀಪು, ಟೆಂಪೋಗಳ ಎಂಜಿನ್ ಕೂರಿಸುವ ರೂಢಿಯಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ಹೊತ್ತಿಗೆ ಎಲ್ಲರಿಗೂ ಮೊದಲ ದಿನವೇ ಕಡಲಿಗಿಳಿಯಬೇಕು, ಎಲ್ಲರ ಪಂಪೂ ಒಟ್ಟಿಗೇ ಬರುತ್ತವೆ. ಹುಬ್ಬಳ್ಳಿಯಿಂದ ಮಾಲು ಬರುವುದು ತಡವಾಗಿತ್ತು. ಜೀಪಿಗೆಂದು ತಂದಿಟ್ಟ ಎಲಿಮೆಂಟನ್ನು ಬೋಟಿಗೆ ಹಾಕಿ, ಜೀಪಿಗೆ ಯಾವುದೋ ಗಾಡಿಯಿಂದ ಬಿಚ್ಚಿಟ್ಟದ್ದನ್ನು ತುಂಬಿದ್ದರು.

"ಬೋಟಿನವರು ತಲೆ ಮೇಲೆ ಕೂತಿದ್ರು ರೇ. ಕಡಲಲ್ಲಿ ಎಂಜಿನ್ ನಿಂತ್ರೆ ಜೀವಕ್ಕೆ ಬರ್ತದೆ. ಜೀಪು ನಿಂತ್ರೆ ಇಳಿದು ತಳ್ಳಬಹುದು."

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆನೇನೋ. ಅವಸರದಲ್ಲಿ ಮಾಡಿದ್ದು, ಆಮೇಲೆ ಹೇಳಲು ನಾಚಿಕೆಯಾಯಿತು ಎಂದುಕೊಳ್ಳಬಹುದಿತ್ತು. ಆದರೆ ಬೊಮ್ಮಯ್ಯನ ಮುಖ ನೋಡುತ್ತ ಕಳ್ಳ ಎಂದಿರಲ್ಲ, ಅವನ ಕೆಲಸ ಹೋಯಿತು ಎಂದೆ. ಅವರು ಗಂಟನ್ನು ನನ್ನ ಕಡೆ ತಳ್ಳಿ ಕೇಳಿದ್ದು ಒಂದೇ:

"ನನ್ನ ಸೀಲ್ ಒಡೆದೆಯಾ, ಪುತಾ?"

ಮಗನೇ ಎಂದು ಅವರು ನನ್ನನ್ನು ಕರೆದದ್ದು ಅದೇ ಕೊನೆ. ಕತ್ತು ಕೊಯ್ದವನೇ ತನ್ನ ಕೈಯ ಗಾಯ ತೋರಿಸಿ ಅತ್ತ ಹಾಗಿತ್ತು. ಮೆಟ್ಟಿಲಿಳಿದು ಬಂದವನು ಆ ಅಂಗಡಿಗೆ ಮತ್ತೆ ಹೋಗಲಿಲ್ಲ. ಅವರ ಹೆಂಡತಿಯ ಕೈಯ ಅನ್ನ ಇಂದಿಗೂ ನೆನಪಾಗುತ್ತದೆ, ಸಿಟ್ಟಿನಿಂದಲೋ ದುಃಖದಿಂದಲೋ ಹೇಳಲಾರೆ.

ಮರುದಿನ ಹೆಗಡೆಯವರೂ ನಾನೂ ಅದೇ ಜೀಪಿನಲ್ಲಿ ಭಾವಿಕೇರಿಗೆ ಹೋದೆವು. ಬೊಮ್ಮಯ್ಯ ಮನೆ ಕಟ್ಟುವಲ್ಲಿ ಚಿರೆಕಲ್ಲು ಹೊರುತ್ತಿದ್ದ. ಹೆಗಡೆಯವರು ದೊಡ್ಡ ಮನಸ್ಸು ಮಾಡಿ, ಅಲ್ಲಿದ್ದ ಕೂಲಿಯವರೆಲ್ಲ ಕೇಳುವ ಹಾಗೆ, ತಪ್ಪಾಯಿತು, ಪಂಪಿನ ದೋಷ, ನಿನ್ನದೇನಿಲ್ಲ, ಬಾ ಎಂದು ಕೀ ಮುಂದೆ ಹಿಡಿದರು. ಅವನು ತಲೆಯ ಕಲ್ಲು ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡ. ಕೀ ಮುಟ್ಟಲಿಲ್ಲ. ಸಿಟ್ಟೂ ಇರಲಿಲ್ಲ ಅವನ ದನಿಯಲ್ಲಿ.

"ಆ ಪಂಪ್ ಬಿಚ್ಚೂಕೆ ನೀವಿಬ್ರೂ ಎಷ್ಟು ಸಲ ಯೋಚ್ನೆ ಮಾಡ್ದ್ರಿ. ಅದ್ಕೆ ಮರ್ಯಾದೆ ಅದೆ. ನನ್ನ ಕೈಂದ ಕೀ ತಕಳೂಕೆ ಎಷ್ಟ್ ಹೊತ್ತು ಬೇಕಾಯ್ತು ಹೆಗಡೇರೆ?"

ಅಷ್ಟು ಹೇಳಿ ಕಲ್ಲೆತ್ತಿ ತಲೆಗಿಟ್ಟುಕೊಂಡ. ಹೆಗಡೆಯವರು ಕೀ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದರು. ಅವನು ಜೀಪಿಗೆ ಮರಳಲಿಲ್ಲ. ಊರಿನವರಿಗೆಲ್ಲ ನಿಜ ಗೊತ್ತಾದ ಮೇಲೂ 'ಡೀಸೆಲ್ ಬೊಮ್ಮಯ್ಯ' ಎಂಬ ಹೆಸರು ಹೋಗಲಿಲ್ಲ. ಹೆಸರಿಡುವಾಗ ಇದ್ದ ಉತ್ಸಾಹ ತೆಗೆಯುವಾಗ ಯಾರಿಗಿರುತ್ತದೆ?

ಗ್ಯಾರೇಜಿನಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಎಂಜಿನ್ನಿನ ಬಗ್ಗೆ ನೂರು ಸಂಗತಿ ಕಲಿತಿದ್ದೇನೆ. ಮನುಷ್ಯರ ಬಗ್ಗೆ ಕಲಿತದ್ದು ಒಂದೇ. ದೋಷ ಹುಡುಕುವಾಗ ನಾವು ದೋಷವಿರುವ ಕಡೆ ಕೈ ಹಾಕುವುದಿಲ್ಲ, ಬಿಚ್ಚಲು ಸುಲಭವಾದ ಕಡೆ ಹಾಕುತ್ತೇವೆ. ಬೊಮ್ಮಯ್ಯನ ಮೇಲೆ ಯಾರ ಸೀಲೂ ಇರಲಿಲ್ಲ.